ಬೆನ್ನು ತಿರುಗಿಸಿ ಕೂತ ಮಧ್ಯಾಹ್ನ

ನಮ್ಮ ಓಣಿಯಲ್ಲಿ ಗಿಡವನ್ನು ಯಾರೂ ಕೇಳಿ ತೆಗೆದುಕೊಳ್ಳುವುದಿಲ್ಲ. ಕೇಳಿ ತಂದ ಕಡ್ಡಿ ಬೇರು ಬಿಡುವುದಿಲ್ಲ ಎಂಬುದು ಹೊಸಪೇಟೆಯ ಈ ಕಾಲುವೆ ದಂಡೆಯ ಹೆಂಗಸರ ನಂಬಿಕೆ. ಬೇಕಾದವರು ಸುಮ್ಮನೆ ಹಿತ್ತಲಿಗೆ ಬರಬೇಕು, ಒಂದು ಕಡ್ಡಿ ಮುರಿದುಕೊಂಡು ಹೋಗಬೇಕು. ಮನೆಯಾಕೆ ಅಷ್ಟು ಹೊತ್ತು ಬೆನ್ನು ತಿರುಗಿಸಿ ಕೂರಬೇಕು, ನೋಡಿದರೂ ಕಡ್ಡಿ ಹತ್ತುವುದಿಲ್ಲ. ಮುರಿದವರು ಹೋಗುವಾಗ ಆ ಗಿಡದ ಬುಡದಲ್ಲಿ ಒಂದು ಸಣ್ಣ ಕಲ್ಲಿಟ್ಟು ಹೋಗುತ್ತಾರೆ. ಮೇಕೆ ಮೇಯ್ದದ್ದಲ್ಲ, ಹೊರಗಿನವರು ಕದ್ದದ್ದಲ್ಲ, ನಮ್ಮವರೇ ಒಯ್ದದ್ದು ಎಂದು ಅದರ ಅರ್ಥ.

ಬೆನ್ನು ತಿರುಗಿಸುವುದಕ್ಕೂ ಅಭ್ಯಾಸ ಬೇಕು. ಎದುರುಮನೆಯ ಯಲ್ಲಕ್ಕನಿಗೆ ಅದು ಇವತ್ತಿಗೂ ಬಂದಿಲ್ಲ. ಗೋಡೆಗೆ ಮುಖ ಮಾಡಿ ಕೂತು, "ಆ ಟೊಂಗಿ ಎಳೇದೈತಿ, ಬಲಗಡೀದು ಮುರಕೊಳ್ಳವ್ವ" ಎಂದು ಗೋಡೆಗೇ ಹೇಳುತ್ತಾಳೆ. ನಾನು ಹಾಗಲ್ಲ. ಅಕ್ಕಿ ಮೊರ ಹಿಡಿದು ಕೂತರೆ ಕೂತೆ. ಹಿಂದೆ ಎಲೆ ಸರಕ್ ಎಂದರೆ, "ಬೆಕ್ಕು ಬಂದಂಗ ಐತಿ" ಎನ್ನುತ್ತೇನೆ, ಅಷ್ಟೇ. ಬಂದವರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ.

ಹಾಗೆ ಬಂದ ಕಲ್ಲುಗಳನ್ನು ಎಸೆಯದೆ ಪಾತಿಗಳ ಅಂಚಿಗೆ ಜೋಡಿಸುತ್ತ ಬಂದೆ. ಬೇರೆಯವರು ಇಟ್ಟಿಗೆ ತಂದು ಕಟ್ಟಿಸುತ್ತಾರಲ್ಲ, ನನ್ನ ಪಾತಿಗೆ ಆ ಕೆಲಸವನ್ನು ಓಣಿಯೇ ಮಾಡಿಕೊಟ್ಟಿತು.

ಓಣಿ ಕಲ್ಲು ವಾಪಸು ಕೊಟ್ಟದ್ದು ಒಂದೇ ಸಲ. ಗಂಗೋತ್ರಿ ಎಂಬಾಕೆ ಮನೆಮನೆಯಿಂದ ಕನಕಾಂಬರದ ಸಸಿ ಒಯ್ದು ಸಂತೆಯಲ್ಲಿಟ್ಟು ಮಾರಿದಳು. ಯಾರೂ ಜಗಳಕ್ಕೆ ಹೋಗಲಿಲ್ಲ. ಒಂದು ಬೆಳಿಗ್ಗೆ ಆಕೆ ಇಟ್ಟಿದ್ದ ಕಲ್ಲುಗಳೆಲ್ಲ ಆಕೆಯ ಹೊಸ್ತಿಲ ಮೇಲಿದ್ದವು. ಆಮೇಲೆ ಆಕೆಯನ್ನು ಮಾತಾಡಿಸಿದರು, ಮದುವೆಗೆ ಕರೆದರು, ನೀರು ಕೊಟ್ಟರು. ಬೆನ್ನು ಮಾತ್ರ ಯಾರೂ ತಿರುಗಿಸಲಿಲ್ಲ.

ನನ್ನ ತೋಟವೆಂದರೆ ಮನೆಯ ಹಿಂದಿನ ಅಂಗೈಯಗಲ ಜಾಗ. ವಿಧವಾ ವೇತನದಲ್ಲಿ ಉಪ್ಪು, ಎಣ್ಣೆ ನೋಡಿಕೊಳ್ಳಬೇಕಾದವಳು ನರ್ಸರಿಯ ಕಡೆ ತಲೆ ಹಾಕುವಂತಿಲ್ಲ. ಬೇಸಿಗೆಯಲ್ಲಿ ರಿಪೇರಿಗೆಂದು ಕಾಲುವೆ ಬಂದ್ ಮಾಡಿದಾಗ ತಳದ ಹೂಳನ್ನು ಬುಟ್ಟಿಯಲ್ಲಿ ಹೊತ್ತು ತರುತ್ತೇನೆ. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿರುವ ನನ್ನ ತಮ್ಮ ಓಬಳೇಶ ಬಂದಾಗಲೆಲ್ಲ ಸುಟ್ಟ ಹೊಟ್ಟಿನ ಬೂದಿ ಒಂದು ಚೀಲ ತರುತ್ತಾನೆ. "ಮಂದಿ ಅಕ್ಕನ ಮನಿಗೆ ಮೈಸೂರ್‌ಪಾಕ್ ಒಯ್ತಾರ, ನಾ ಬೂದಿ ಹೊರ್ತೀನಿ. ಬಸ್ಸಿನಾಗ ನನ್ನ ಬಾಜು ಯಾರೂ ಕುಂದ್ರಂಗಿಲ್ಲ" ಎಂದು ಗೊಣಗುತ್ತಾನೆ. ಕುಂಡಗಳೆಂದರೆ ಪೇಂಟ್ ಡಬ್ಬಗಳು, ಗಣಿಯವರು ಎಸೆದ ಹಳದಿ ಹೆಲ್ಮೆಟ್ಟುಗಳು, ಲಾಡ್ಜ್ ರಿಪೇರಿಯಲ್ಲಿ ಹೊರಬಿದ್ದ ಒಂದು ವಾಶ್‌ಬೇಸಿನ್. ಅದರಲ್ಲೀಗ ಒಂದು ನೈದಿಲೆ ಇದೆ. ಅಕ್ಕಿ ತೊಳೆದ ನೀರು ಗುಲಾಬಿಗೆ, ಪಾತ್ರೆ ತೊಳೆದ ನೀರು ಬಾಳೆಗೆ. ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳು ಇಲ್ಲಿಯವರೆಗೂ ಬಂದು ಎಲೆಗಳ ಮೇಲೆ ಕೂರುತ್ತದೆ. ಹಳೆ ಸೀರೆಯ ತುಂಡು ಒದ್ದೆ ಮಾಡಿ ಒಂದೊಂದೇ ಎಲೆ ಒರೆಸುತ್ತೇನೆ. ಕಾಸಿಲ್ಲದವರ ತೋಟಕ್ಕೆ ಹೊತ್ತು ಬೇಕು. ಅದು ನನ್ನ ಹತ್ತಿರ ಧಾರಾಳವಾಗಿತ್ತು.

ಗೋಡೆಯಾಚೆ ರಾಧಾಬಾಯಿಯವರ ಮನೆ. ಅವರ ಯಜಮಾನರು ಪುರಂದರರಾಯರು ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ತೀರಿಕೊಂಡು ಬಹಳ ವರ್ಷವಾಯಿತು. ಮಕ್ಕಳಿಲ್ಲ. ನಡುವಯಸ್ಸಿನಲ್ಲಿ ನಾನು ಅಕ್ಷರ ಕಲಿತದ್ದು ರಾಧಾಬಾಯಿಯವರಿಂದ. ಸಾಕ್ಷರತೆಯ ರಾತ್ರಿ ಶಾಲೆ ಅವರ ಪಡಸಾಲೆಯಲ್ಲಿ ನಡೆಯುತ್ತಿತ್ತು. ಜೊತೆಯವರೆಲ್ಲ ಒಬ್ಬೊಬ್ಬರಾಗಿ ಬಿಟ್ಟುಹೋದ ಮೇಲೂ ನನ್ನೊಬ್ಬಳಿಗಾಗಿ ಲೈಟು ಹಾಕಿಕೊಂಡು ಕೂರುತ್ತಿದ್ದರು. ಎರಡು ಹಿತ್ತಲುಗಳ ನಡುವಿನ ಗೋಡೆಗೆ ಒಂದು ಕಿರುಬಾಗಿಲು ಆಗಲೇ ಆಯಿತು. ಅದಕ್ಕೆ ಚಿಲಕ ಇರಲಿಲ್ಲ. ನನ್ನನ್ನು "ಲೇ ಜಂಬಿ" ಎಂದು ಕರೆಯುವವರು ಈಗ ಅವರೊಬ್ಬರೇ ಉಳಿದಿದ್ದರು. ಉಳಿದವರಿಗೆಲ್ಲ ನಾನು ಜಂಬಮ್ಮ, ಇಲ್ಲವೇ ಅಜ್ಜಿ.

ಅವರು ಕಡ್ಡಿ ಮುರಿಯಲು ಬಂದರೆ ಓಣಿಗೇ ಗೊತ್ತಾಗುತ್ತಿತ್ತು. ಮೊಣಕಾಲು ನೋವು. ಒಂದು ಕಬ್ಬಿಣದ ಸ್ಟೂಲನ್ನು ಕರಕರ ಎಳೆದುಕೊಂಡು ಬಂದು, ಗಿಡದ ಮುಂದೆ ಕೂತು, ಸಾವಕಾಶ ಆರಿಸಿ ಮುರಿಯುವರು. ಇಷ್ಟು ಸದ್ದು ಮಾಡಿ ಕದಿಯುವವರು ಬೇರೆ ಇಲ್ಲ ಎಂದು ಯಲ್ಲಕ್ಕ ಹೇಳುತ್ತಿದ್ದಳು.

ಇನ್ನು ಡೊಳ್ಳಪ್ಪ.

ನಮ್ಮ ಮನೆಯವರು ಕೊಟ್ರಯ್ಯ ಅದಿರು ಲಾರಿ ಓಡಿಸುತ್ತಿದ್ದರು, ಸಂಡೂರಿನಿಂದ ಬಂದರಿಗೆ. ಒಂದು ಟ್ರಿಪ್ಪಿನಿಂದ ಬಂದವರು ಅಂಗಿಯ ಕಿಸೆಯಿಂದ ಮೇಕೆ ಕೊಂಬಿನಂಥ ಒಂದು ಒಣ ಕಾಯಿ ತೆಗೆದು ನನ್ನ ಕೈಯಲ್ಲಿಟ್ಟರು. ಯಾವುದೋ ಬಂಗಲೆಯ ಕಾಂಪೌಂಡಿನಾಚೆ ಬಾಗಿದ್ದ ಗಿಡದ್ದಂತೆ. "ಹೂವ ಭಾಳ ಚೆಂದ ಇತ್ತು. ನಿನಗಂತ ತಂದೆ. ಕಿಸೆ ತುಂಬ ಹತ್ತಿ ಆಗೈತಿ ನೋಡು" ಎಂದರು. ಬೀಜದ ಎರಡೂ ತುದಿಗೆ ರೇಷ್ಮೆಯಂಥ ಎಳೆಗಳು. ಆ ಅಂಗಿಯನ್ನು ಎಷ್ಟು ಒಗೆದರೂ ಕಿಸೆಯ ಮೂಲೆಯಲ್ಲಿ ಎಳೆ ಉಳಿದೇ ಇದ್ದವು. ತೆಂಗಿನ ಚಿಪ್ಪಿನಲ್ಲಿ ಹಾಕಿದ ಬೀಜಗಳಲ್ಲಿ ಒಂದು ಉಳಿಯಿತು. ಮರು ವರ್ಷವೇ ಅವರು ಹೋದರು, ಲಾರಿ ಘಾಟಿನಲ್ಲಿ ಉರುಳಿ.

ಆ ಗಿಡದ ಹೆಸರು ಅಡೇನಿಯಂ ಎಂದು ರಾಧಾಬಾಯಿ ಪುಸ್ತಕ ನೋಡಿ ಹೇಳಿದರು. ಅದರ ಚೆಂದ ಇರುವುದು ಬುಡದಲ್ಲಿ. ಪ್ರತಿ ಬೇಸಿಗೆಯಲ್ಲಿ ಬೇರನ್ನು ಎರಡು ಬೆರಳು ಮೇಲೆತ್ತಿ ನೆಟ್ಟರೆ ಬುಡ ಊದುತ್ತ ಹೋಗುತ್ತದೆ. ಅವಸರ ಮಾಡಿದರೆ ಕೊಳೆಯುತ್ತದೆ. ಹಾಗೆ ವರ್ಷವರ್ಷ ಎತ್ತಿ ಎತ್ತಿ, ನೀಲಿ ಡ್ರಮ್ಮಿನ ಅರ್ಧ ತುಂಬುವಷ್ಟು ಹೊಟ್ಟೆ ಬಂದಿತ್ತು ಅದಕ್ಕೆ. ಕಾಲು ಮಡಚಿ ಕೂತ ಗಣಪ್ಪನ ಹಾಗೆ. ಓಣಿಯ ಹುಡುಗರು ಡೊಳ್ಳಪ್ಪ ಎಂದು ಹೆಸರಿಟ್ಟರು. ಗುಲಾಬಿ ಬಣ್ಣದ ಹೂವು ಬಿಟ್ಟರೆ ಎಲೆ ಕಾಣಿಸುತ್ತಿರಲಿಲ್ಲ. ಕಡ್ಡಿ ನೆಟ್ಟರೂ ಗಿಡ ಬರುತ್ತದೆ, ಹೂವೂ ಬಿಡುತ್ತದೆ. ಆದರೆ ಕಡ್ಡಿಯ ಗಿಡಕ್ಕೆ ಆ ಹೊಟ್ಟೆ ಬರುವುದಿಲ್ಲ. ಬೀಜದ್ದಕ್ಕೇ ಬರಬೇಕು. ಅದಕ್ಕೆ ಈ ವರ್ಷ ಒಂದು ಜೋಡಿ ಕಾಯಿ ಕಟ್ಟಿದಾಗ, ಒಡೆದು ಬೀಜ ಹಾರಿಹೋಗದಿರಲೆಂದು ಸೀರೆ ಅಂಚಿನ ಹಸಿರು ದಾರ ಸುತ್ತಿ ಕಟ್ಟಿದ್ದೆ.

ಶ್ರಾವಣ ಕಳೆದ ಮೇಲೆ ರಾಧಾಬಾಯಿ ಮನೆ ಬಿಡುವುದೆಂದು ಆಯಿತು. ಹಂಪಿಯ ಹತ್ತಿರ ಅವರ ತಮ್ಮನ ಮಗಳು ಮೇಧಾ ಮತ್ತು ಅವಳ ಗಂಡ ಗೆಸ್ಟ್ ಹೌಸ್ ಮಾಡಿದ್ದರು. ದಕ್ಷಿಣದ ಕಡೆ ಬೆಳೆದವರು, ಇಲ್ಲಿಗೆ ಹೊಸಬರು. "ಒಬ್ಬರೇ ಯಾಕಿರ್ತೀರಿ, ಇಲ್ಲೇ ಬನ್ನಿ" ಎಂದು ಕರೆದರಂತೆ.

"ಕರದಾಳ ಖರೆ" ಎಂದರು ರಾಧಾಬಾಯಿ, ಕಿರುಬಾಗಿಲಲ್ಲಿ ನಿಂತು. "ಬರಿಗೈಲೆ ಹೆಂಗ ಹೋಗಲಿ, ಜಂಬಿ? ಮುದುಕಿ ಬಂತು, ಅನ್ನಕ್ಕ ಬಂತು ಅಂತ ಆಗಬಾರದಲ್ಲ."

"ಚಕ್ಕಲಿ ಮಾಡಿಕೊಂಡು ಹೋಗ್ರಿ. ನಿಮ್ಮ ಚಕ್ಕಲಿ ಮುಂದ ಯಾರೂ ಮಾತಾಡಂಗಿಲ್ಲ."

"ಬಾಯಾಗ ಇದ್ದಷ್ಟು ಹೊತ್ತು ಮಾತಾಡಂಗಿಲ್ಲ" ಎಂದು ನಕ್ಕರು. ಆಮೇಲೆ ನನ್ನ ಹಿತ್ತಲನ್ನೆಲ್ಲ ಒಂದು ಸಲ ಕಣ್ಣಲ್ಲೇ ಸುತ್ತಿದರು.

ಹೊರಡುವ ದಿನ ಅವರ ಮನೆಯಲ್ಲಿ ಬೆಳಗಿನಿಂದ ಗದ್ದಲ. ಸಾಮಾನು ಒಯ್ಯುವವರ ಕಾಲಸಪ್ಪಳ, ಹುಲುಗೇಶನ ಲಗೇಜ್ ಆಟೋದ ಸದ್ದು. ಊಟವಾದ ಮೇಲೆ ಕಿರುಬಾಗಿಲು ಕಿರ್ ಎಂದಿತು. ಸ್ಟೂಲ್ ಎಳೆದ ಕರಕರ. ನನಗೆ ತಿಳಿಯಿತು. ಕೊನೆಯ ಸಲ ಬಂದಿದ್ದಾರೆ, ಎಲ್ಲದರಲ್ಲೂ ಒಂದೊಂದು ಮುರಿದುಕೊಳ್ಳುತ್ತಾರೆ. ಮೊರ ಹಿಡಿದು ಗೋಡೆ ಕಡೆ ತಿರುಗಿ ಕೂತೆ.

"ಬೆಕ್ಕು ಬಂದಂಗ ಐತಿ" ಎಂದೆ.

ಅವರು ನಗಲಿಲ್ಲ. ನನ್ನ ಹಾಗೆ ಅವರೂ ಅಳುತ್ತಿರಬೇಕು ಎಂದುಕೊಂಡೆ. ಎಳೆಯುವ ಸದ್ದು ಇನ್ನೊಮ್ಮೆ ಬಂತು, ಈ ಸಲ ಭಾರವಾಗಿ. ಗಂಡಸರ ಹೆಜ್ಜೆಗಳೂ ಕೇಳಿದವು. ಅವು ಗೋಡೆಯಾಚೆಯವೆಂದು ತಿಳಿದೆ. ತಿರುಗಿ ನೋಡಬೇಕು ಎಂದು ಅನಿಸಲೇ ಇಲ್ಲ. ನೋಡಿದರೆ ಅವರು ಒಯ್ದದ್ದು ಹತ್ತುವುದಿಲ್ಲವಲ್ಲ. ಅಕ್ಕಿಯ ಮೇಲೆ ನನ್ನ ಕಣ್ಣೀರು ಬೀಳುತ್ತಿತ್ತು. ಕಲ್ಲು ಯಾವುದು, ಅಕ್ಕಿ ಯಾವುದು ಕಾಣಿಸುತ್ತಿರಲಿಲ್ಲ. ಸದ್ದು ನಿಂತ ಮೇಲೂ ಒಂದಿಷ್ಟು ಹೊತ್ತು ಹಾಗೇ ಕೂತಿದ್ದೆ. ಅವರ ಮೊಣಕಾಲಿಗೆ ಎದ್ದು ಹೋಗಲು ಹೊತ್ತು ಬೇಕೆಂದು.

ತಿರುಗಿದಾಗ ಡೊಳ್ಳಪ್ಪ ಇರಲಿಲ್ಲ.

ಡ್ರಮ್ಮಿದ್ದ ಜಾಗದಲ್ಲಿ ಒಂದು ದುಂಡನೆಯ ಹಸಿ ಗುರುತು. ಬೆಳಕು ಕಂಡ ಹುಳಗಳು ಅತ್ತಿತ್ತ ಓಡುತ್ತಿದ್ದವು. ಆ ದುಂಡಿನ ನಡುವೆ ಒಂದು ಕಲ್ಲಿತ್ತು. ನುಣ್ಣನೆಯದು, ಕಾಲುವೆಯದು.

ಕಲ್ಲಿಡದೆ ಹೋಗಿದ್ದರೆ ಕಳ್ಳರು ಬಂದರೆಂದು ಕೂಗಿ ಓಣಿ ಸೇರಿಸುತ್ತಿದ್ದೆನೇನೋ. ಕಲ್ಲಿತ್ತು. ನಾನು ಬೆನ್ನು ತಿರುಗಿಸಿದ್ದೆ. ಇನ್ನು ಯಾರಿಗೆ ಏನು ಹೇಳುವುದು?

ಯಲ್ಲಕ್ಕ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಕಡ್ಡಿ ಮುರಿಯೋದು ಕಂಡೀವಿ, ಬುಡಾನೇ ಮುರಿಯೋದು ಎಲ್ಲೂ ಕಂಡಿಲ್ಲ. ಫೋನ್ ಹಚ್ಚು."

"ಅವರೇ ಮಾಡ್ತಾರ. ಏನರ ಕಾರಣ ಇರತೈತಿ."

"ಇರತೈತಿ, ಇರತೈತಿ. ನಿನ್ನ ಸಾಲಿ ಟೀಚರ್ ಅಲ್ಲೇನು."

ನಾನು ಕಾಯುವವಳು. ಕಾಯುವುದು ನನಗೆ ಬರುವ ಒಂದು ಕೆಲಸ. ಫೋನು ಬಂತು, ಒಂದು ವಾರದ ಮೇಲೆ. ಕೋಣೆ ತಂಪಾಗಿದೆ ಎಂದರು. ಕಿಟಕಿಯಿಂದ ಬಾಳೆ ತೋಟ ಕಾಣಿಸುತ್ತದೆ ಎಂದರು. ಮೇಧಾ ಅಡಿಗೆಗೆ ಉಪ್ಪು ಕಡಿಮೆ ಹಾಕುತ್ತಾಳೆ ಎಂದರು. ನಾನು ಹೂಂ ಎನ್ನುತ್ತ ಮುಂದಿನ ಮಾತಿಗೆ ಕಾದೆ.

"ಮತ್ತ... ನಿನ್ನ ಗಿಡ ಎಲ್ಲಾ ಹೆಂಗದಾವ, ಜಂಬಿ?"

ಅದೇ ದನಿ. ಏನೂ ಆಗದವರ ದನಿ.

"ಅದಾವ್ರಿ" ಎಂದೆ.

"ಚಲೋ ಆತು. ಇಡ್ತೀನಿ."

ಆವತ್ತು ಸಂಜೆ ಹುಲುಗೇಶನನ್ನು ಓಣಿಯ ತುದಿಯಲ್ಲಿ ನಿಲ್ಲಿಸಿ ಕೇಳಿದೆ. ಅವನು ಆಟೋದಿಂದ ಇಳಿದು ನಿಂತ.

"ನೀವೇ ಕೊಟ್ಟೀರಂತ ರಾಧಾಬಾಯಾರು ಹೇಳಿದ್ರು, ಅವ್ವಾ. ನೀವು ಅಲ್ಲೇ ಕುಂತಿದ್ರಲ್ಲ. ನಾನೂ ಸಾಮಾನು ಹೊರೋ ಹುಡುಗಾನೂ ಕೂಡಿ ಎತ್ತಿದ್ವಿ. ನೀವು ಈ ಕಡೆ ತಿರಿಗಲೇ ಇಲ್ಲ. ಗಿಡ ಕೊಟ್ಟಿದ್ದಕ್ಕ ಅಳಾಕತ್ತೀರಿ, ನೋಡಾಕ ಆಗವಲ್ದು ಅಂತ ತಿಳಕೊಂಡೆ. ನಾನೂ ಸಪ್ಪಳ ಮಾಡದಂಗ ಒಯ್ದೆ."

"ಅಳಾಕತ್ತಿದ್ದೆ, ಖರೆ" ಎಂದೆ.

ಅವನು ತಲೆ ಕೆರೆದುಕೊಂಡ. "ನಾಳೆ ಹಂಪಿ ಕಡೆ ಹೊಂಟೀನಿ. ಬರ್ರಿ. ಬಾಡಿಗಿ ಮಾತು ಎತ್ತಬ್ಯಾಡ್ರಿ."

ಹೊರಡುವಾಗ ಆ ಕಲ್ಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಡೊಳ್ಳಪ್ಪನನ್ನು ವಾಪಸು ತರಬೇಕು, ಅಷ್ಟೇ ತಲೆಯಲ್ಲಿತ್ತು. ಜಗಳ ಆಡಬೇಕೆಂದು ಇರಲಿಲ್ಲ.

ಗೆಸ್ಟ್ ಹೌಸಿನ ಮುಂದೆ ಬಾಳೆ ತೋಟ, ಒಳಗೆ ಹುಲ್ಲಿನ ಅಂಗಳ. ಅದರ ನಡುವೆ ಡೊಳ್ಳಪ್ಪ ಕೂತಿದ್ದ. ನೀಲಿ ಡ್ರಮ್ಮಿಲ್ಲ. ಬಿಳಿಯ ಸಿಮೆಂಟ್ ಕುಂಡ, ಮಣ್ಣು ಕಾಣದಂತೆ ಒಂದೇ ಅಳತೆಯ ಬಿಳಿ ಕಲ್ಲುಗಳು. ಇಬ್ಬರು ಪ್ರವಾಸಿಗಳು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮೇಧಾ ಪೈಪು ಹಿಡಿದು ನೀರು ಬಿಡುತ್ತಿದ್ದಳು.

ನನ್ನ ಕಣ್ಣು ಮೊದಲು ಹೋದದ್ದು ಕಾಯಿಗೆ. ದಾರ ಇರಲಿಲ್ಲ. ಕಾಯಿ ಬಾಯಿ ಬಿಟ್ಟು ಒಣಗಿತ್ತು.

"ಇದಕ್ಕ ಹಸರ ದಾರ ಕಟ್ಟಿತ್ತಲ್ಲವ್ವ?"

"ಹೌದಜ್ಜಿ, ಫೋಟೋದಲ್ಲಿ ಚೆನ್ನಾಗಿ ಕಾಣಿಸ್ತಿರಲಿಲ್ಲ ಅಂತ ಬಿಚ್ಚಿಬಿಟ್ವಿ. ನೀವು ಯಾರನ್ನ ನೋಡೋಕೆ ಬಂದ್ರಿ? ಅತ್ತೆಯವರನ್ನಾ?"

"ಹೂನವ್ವ. ಅದಕ್ಕ ನೀರು ಭಾಳ ಹಾಕಬ್ಯಾಡ. ಮಳಿಗಾಲ ಇನ್ನೂ ಮುಗಿದಿಲ್ಲ, ಹೊಟ್ಟಿ ಕೊಳಿತೈತಿ."

ಹುಡುಗಿ ನಕ್ಕಳು, ಕೆಟ್ಟ ನಗುವಲ್ಲ. "ಅತ್ತೆಗೆ ಎಲ್ಲಾ ಗೊತ್ತಜ್ಜಿ. ಅವರೇ ಬೆಳೆಸಿದ್ದು. ಪುರಂದರ ಮಾಮ ಎಲ್ಲಿಂದಲೋ ಅಂಗಿ ಜೇಬಲ್ಲಿ ಕಾಯಿ ಹಾಕ್ಕೊಂಡು ಬಂದಿದ್ರಂತೆ ಅತ್ತೆಗೋಸ್ಕರ. ಜೇಬೆಲ್ಲಾ ಹತ್ತಿ ಆಗಿತ್ತಂತೆ. ಗೆಸ್ಟುಗಳಿಗೆಲ್ಲ ಈ ಕತೆ ಹೇಳಿದ್ರೆ ತುಂಬ ಖುಷಿಪಡ್ತಾರೆ."

ಪುರಂದರರಾಯರು ಹೂವಿನ ವಾಸನೆ ಬಂದರೆ ಸೀನುತ್ತಿದ್ದರು. ಅವರ ಕಾಲದಲ್ಲಿ ದೇವರ ಕೋಣೆಗೆ ತುಳಸಿ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಸೆರಗಿನ ಗಂಟನ್ನು ಹಿಡಿದುಕೊಂಡೆ.

ರಾಧಾಬಾಯಿ ಹೊರಗೆ ಬಂದರು. ನನ್ನನ್ನು ಕಂಡು ಕಂಬ ಹಿಡಿದರು. ಆಮೇಲೆ ಸಾವಕಾಶ ಮೆಟ್ಟಿಲಿಳಿದು, ಗಿಡದ ಹತ್ತಿರದ ಬೆತ್ತದ ಕುರ್ಚಿಯಲ್ಲಿ ಕೂತು, ಮೇಧಾಳಿಗೆ ಚಹಾ ತರಲು ಹೇಳಿ ಕಳಿಸಿದರು. ಪ್ರವಾಸಿಗಳೂ ಹೋದರು.

"ಬಂದ್ಯಾ, ಜಂಬಿ."

"ಬಂದ್ನ್ರಿ."

"ಕೂಡು."

"ನಿಂತಿರ್ತೀನ್ರಿ."

ಅವರು ಕುರ್ಚಿಯ ಕೈ ಸವರಿದರು. "ನಿನ್ನ ಹತ್ರ ಅಷ್ಟು ಗಿಡ ಅದಾವ. ಒಂದು ಹೋದ್ರ ತಡ್ಕೋತಿ ಅಂದ್ಕೊಂಡೆ. ನೀ ತಡ್ಕೊಳ್ಳಾಕಿ. ಇನ್ನೊಬ್ಬರ ಮನ್ಯಾಗ ಮೂಲಿ ಹಿಡಿಯೋದು ನಿನಗ ಗೊತ್ತಿಲ್ಲ. ಈ ಗಿಡ ಬಂದ ಮ್ಯಾಲೆ ನನಗ ಅಂಗಳದಾಗ ಒಂದು ಕುರ್ಚಿ ಸಿಕ್ಕದ, ನೋಡು."

"ಹೇಳಿದ್ರ ಕೊಡ್ತಿದ್ದೆನೇನೋ."

"ಕೇಳಿ ತಂದದ್ದು ಹತ್ತಂಗಿಲ್ಲಲ್ಲ" ಎಂದು ನಗಲು ನೋಡಿದರು. ನಾನು ನಗದಿದ್ದುದರಿಂದ ಅದು ಅಲ್ಲೇ ನಿಂತಿತು.

"ಗಿಡ ಬೇಕಿತ್ತು, ಒಯ್ದ್ರಿ" ಎಂದೆ. "ಕಿಸೆ ಯಾಕ ಒಯ್ದ್ರಿ?"

ಅವರು ಬಾಳೆ ತೋಟದ ಕಡೆ ನೋಡಿದರು.

"ಎಲ್ಲಿಂದ ಬಂತು ಅಂತ ಕೇಳಿದ್ರು. ನಮ್ಮವರು ನನಗಂತ ಏನೂ ತಂದಿರಲಿಲ್ಲ, ಜಂಬಿ. ಬಾಯಿಗೆ ಬಂದುಬಿಡ್ತು. ಒಂದು ಸಲ ಅಂದ ಮ್ಯಾಲೆ ದಿನಾ ಅನ್ನಬೇಕಾಗತದ."

ಆ ಮಾತಿಗೆ ನನ್ನೊಳಗೆ ಏನೋ ಮೆತ್ತಗಾಗಲು ಹೋಯಿತು. ನಾನೇ ಅದನ್ನು ನಿಲ್ಲಿಸಿದೆ. ಆ ಅಂಗಿ ಇವತ್ತಿಗೂ ನನ್ನ ಟ್ರಂಕಿನಲ್ಲಿದೆ. ಅದನ್ನು ತೋರಿಸಿ, ಆ ಕಿಸೆಯ ಕತೆಯನ್ನು ನಾನು ಹೇಳಿಕೊಂಡದ್ದು ಇವರೊಬ್ಬರ ಮುಂದೆ. ಬರೆಯುವುದು ಬಂದ ಮೇಲೆ ನಾನು ಮೊದಲು ಬರೆದದ್ದೂ ಅದನ್ನೇ, ಇವರ ಪಡಸಾಲೆಯಲ್ಲಿ. ಇವರೇ ಅದರ ಕಾಗುಣಿತ ತಿದ್ದಿಕೊಟ್ಟಿದ್ದರು.

"ಈಗ ನಾ ಒಯ್ತೀನ್ರಿ. ಬೆನ್ನು ತಿರಿಗಿಸ್ರಿ."

ಅವರು ತಕ್ಷಣ ತಿರುಗಿದರು. ಕುರ್ಚಿಯಲ್ಲೇ ಸರಿದು, ತೋಟದ ಕಡೆ ಮುಖ ಮಾಡಿ, ಕೈಗಳನ್ನು ಮಡಿಲಲ್ಲಿಟ್ಟು ಕೂತರು.

ಗೇಟಿನ ಹತ್ತಿರ ಹುಲುಗೇಶ ಇದ್ದ. ಕೈ ಮಾಡಿದರೆ ಬರುತ್ತಿದ್ದ. ನಾನು ಆ ಬೆನ್ನನ್ನು ನೋಡಿದೆ. ಬಿಳಿ ಕೂದಲಿನ ಸಣ್ಣ ಗಂಟು, ರವಿಕೆಯ ಮೇಲೆ ಇಳಿದ ಸೆರಗು, ಇಳಿಬಿಟ್ಟ ಭುಜ. ಎಳ್ಳಷ್ಟೂ ಭಯವಿಲ್ಲದ ಬೆನ್ನು. ಜಂಬಿ ಒಂದು ಕಡ್ಡಿ ಮುರಿದುಕೊಳ್ಳುತ್ತಾಳೆ, ಅದಕ್ಕಿಂತ ಹೆಚ್ಚು ಅವಳ ಕೈಲಾಗದು ಎಂದು ಆ ಬೆನ್ನಿಗೆ ಗೊತ್ತಿತ್ತು. ಆವತ್ತು ನನ್ನ ಹಿತ್ತಲಲ್ಲಿ ನಾನು ಕೂತಾಗಲೂ ಅವರಿಗೆ ನನ್ನ ಬೆನ್ನು ಹೀಗೇ ಕಂಡಿರಬೇಕು. ಕಂಡೂ ಎತ್ತಿಸಿದರು.

ಡೊಳ್ಳಪ್ಪನ ಹೊಟ್ಟೆಯ ಮೇಲೆ ಕೈಯಿಟ್ಟೆ. ತಂಪಾಗಿತ್ತು, ಗಟ್ಟಿಯಾಗಿತ್ತು. ಒಯ್ದರೆ ಗಿಡ ನನ್ನ ಹಿತ್ತಲಿಗೆ ಬರುತ್ತದೆ. ನಾಳೆ ಈ ಅಂಗಳದಲ್ಲಿ ಬೇರೆ ಗಿಡದ ಪಕ್ಕ ಅದೇ ಕತೆ ನಡೆಯುತ್ತದೆ. ಕಿಸೆ ಇಲ್ಲೇ ಉಳಿಯುತ್ತದೆ.

ಸೆರಗಿನ ಗಂಟು ಬಿಚ್ಚಿದೆ. ಅವರು ಇಟ್ಟುಹೋಗಿದ್ದ ಆ ನುಣ್ಣನೆಯ ಕಲ್ಲನ್ನು ಬಿಳಿ ಕಲ್ಲುಗಳ ನಡುವೆ, ಎದ್ದು ಕಾಣುವ ಹಾಗೆ ಇಟ್ಟೆ.

"ಮುರಕೊಂಡ್ಯಾ?" ಎಂದು ಕೇಳಿದರು, ತಿರುಗದೆ.

"ಆತ್ರಿ."

ಗೇಟು ದಾಟುವವರೆಗೂ ಹಿಂದಿನಿಂದ ಸದ್ದಿಲ್ಲ. ಆಮೇಲೆ ಕುರ್ಚಿ ಸರಿದದ್ದು ಕೇಳಿಸಿತು. "ಜಂಬಿ" ಎಂದು ಒಂದು ಸಲ ಕರೆದರು. ಹುಲುಗೇಶ ನನ್ನ ಮುಖ ನೋಡಿ ಆಟೋ ಚಾಲೂ ಮಾಡಿದ.

ಮನೆಗೆ ಬಂದ ನಾನು ಕಿರುಬಾಗಿಲಿಗೆ ಚಿಲಕ ಹಾಕಿಸಲಿಲ್ಲ. ಆ ಮನೆಗೆ ಈಗ ಬೇರೆಯವರು ಬಂದಿದ್ದಾರೆ, ಅವರೇ ಇಟ್ಟಿಗೆಯಿಟ್ಟು ಮುಚ್ಚಿದರು. ದುಂಡನೆಯ ಗುರುತಿನಲ್ಲಿ ನಾನು ಕರ್ಣಕುಂಡಲದ ಬೀಜ ಹಾಕಿದೆ. ಹತ್ತಿದೆ, ಹೂವೂ ಬಿಟ್ಟಿದೆ.

ಮೊನ್ನೆ ಯಲ್ಲಕ್ಕನ ಸೊಸೆ ಕಾವ್ಯ ಬಂದಳು. ಹೊಸದಾಗಿ ಡಬ್ಬಗಳಲ್ಲಿ ಗಿಡ ಹಾಕುವ ಹುಚ್ಚು ಹತ್ತಿದೆ ಅವಳಿಗೆ. ದಾಸವಾಳದ ಹತ್ತಿರ ನಿಂತು, "ಅಜ್ಜಿ, ಬೆಕ್ಕು ಬಂದೈತಿ" ಎಂದು ನನ್ನ ಮಾತನ್ನೇ ನನಗೆ ಹೇಳಿ ನಕ್ಕಳು.

ನಾನು ಮೊರ ಹಿಡಿದೇ ಕೂತಿದ್ದೆ. ತಿರುಗಬೇಕೆಂದು ನೋಡಿದೆ. ಮೈ ತಿರುಗಲಿಲ್ಲ.

"ಮುರಕೋವ್ವ. ನಾ ಏನೂ ಅನ್ನಂಗಿಲ್ಲ."

"ನೀವು ನೋಡಾಕತ್ತೀರಲ್ಲ ಅಜ್ಜಿ."

"ಹೂಂ. ನೋಡಾಕತ್ತೀನಿ."

ಅವಳು ಟೊಂಗೆಗೆ ಹಾಕಿದ ಕೈಯನ್ನು ಸಾವಕಾಶ ಹಿಂದಕ್ಕೆ ತೆಗೆದಳು. ಚಹಾ ಆಯಿತೇ ಎಂದು ಕೇಳಿದಳು, ಆಯಿತು ಎಂದೆ. ಬರುತ್ತೇನೆಂದು ಹೇಳಿ ಹೋದಳು. ಇಡಲೆಂದು ತಂದಿದ್ದ ಕಲ್ಲು ಅವಳ ಮುಷ್ಟಿಯಲ್ಲೇ ಇತ್ತು.